ಹನ್ನೆರಡನೆಯ ಕಾರಿನ ವಿಚಾರಣೆ

ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ: ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು. ಇದು ಸ್ಕ್ವಾಡ್ ಮೇಡಂ ಅವರ ಮೂವತ್ತಮೂರು ವರ್ಷದ ಸೇವೆಯ ಸಾರ. ಪರೀಕ್ಷಾ ಮಂಡಳಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವ ದಳದ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು ಅವರು. ಸಾಕ್ಸಿನೊಳಗಿನ ಚೀಟಿ, ಕ್ಯಾಲ್ಕುಲೇಟರಿನ ಬೆನ್ನಿಗೆ ಗೀಚಿದ ಸೂತ್ರ, ಮುರಿಯದ ಕೈಗೆ ಹಾಕಿದ ಪ್ಲಾಸ್ಟರಿನ ಒಳಬದಿಯಲ್ಲಿ ಇತಿಹಾಸದ ಇಸವಿಗಳು, ಎಲ್ಲವನ್ನೂ ಬಾಗಿಲಲ್ಲಿ ನಿಂತೇ ವಾಸನೆ ಹಿಡಿದವರು. ಹೆತ್ತವರು ಇಟ್ಟ ಹೆಸರೊಂದು ಅವರಿಗೆ ಇದ್ದೇ ಇತ್ತು. ಆದರೆ ಅದನ್ನು ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ.

ಇಂಥವರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ಎರಡು ತಿಂಗಳಲ್ಲಿ ಹನ್ನೊಂದು ಕಾರು ನೋಡಿದರು. ಹನ್ನೊಂದನ್ನೂ ಫೇಲು ಮಾಡಿದರು.

ಕಾರು ಬೇಕಾಗಿದ್ದುದು ಅತ್ತೆಯ ಮಂಡಿಗೆ. ಅತ್ತೆಗೆ ಎಂಬತ್ತಾರು. ಕಣ್ಣು, ಕಿವಿ, ನಾಲಿಗೆ ಮೂರೂ ಅಂಗಡಿಯಿಂದ ಈಗಷ್ಟೇ ತಂದ ಹಾಗಿದ್ದವು, ಸವೆದದ್ದು ಮಂಡಿಯೊಂದೇ. ಮನೆಯಲ್ಲಿದ್ದ ಹದಿನಾಲ್ಕು ವರ್ಷದ ಪುಟ್ಟ ಕಾರೋ ನೆಲಕ್ಕೆ ಅಂಟಿಕೊಂಡಂತಿತ್ತು. ಅದರೊಳಗೆ ಅವರನ್ನು ಕೂರಿಸುವುದು ಹೇಗೋ ಆಗುತ್ತಿತ್ತು, ಇಳಿಸುವಾಗ ಮಾತ್ರ ಮಗ ಮುಂದಿನಿಂದ ಎಳೆದು ಸೊಸೆ ಹಿಂದಿನಿಂದ ನೂಕಬೇಕು. "ನಾನೇನು ಬೀರುವೇನ್ರೋ?" ಎಂದು ಬೈದು ಅತ್ತೆ ನಾಲ್ಕು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಈಗ ಅವರ ತಂಗಿಗೆ ಎಂಬತ್ತು ತುಂಬುತ್ತಿತ್ತು, ಮೂರು ಗಂಟೆ ದೂರದ ಊರಿನಲ್ಲಿ. ಅಕ್ಕತಂಗಿಯರು ದಿನಕ್ಕೆರಡು ಸಲ ಫೋನಿನಲ್ಲಿ ಜಗಳವಾಡುತ್ತಿದ್ದರು. ಎದುರಾಬದುರು ಕೂತು ಜಗಳವಾಡಿ ಎರಡು ವರ್ಷವಾಗಿತ್ತು. ಆ ಕೊರತೆ ಅತ್ತೆಯನ್ನು ಒಳಗೊಳಗೇ ತಿನ್ನುತ್ತಿತ್ತು.

"ಹತ್ತು ದಿನ ಇದೆ," ಎಂದರು ಅತ್ತೆ. "ಕಾರು ಸಿಕ್ಕಿದ್ರೆ ಕಾರಲ್ಲಿ ಹೋಗ್ತೀನಿ. ಇಲ್ಲಾಂದ್ರೆ ಆಂಬುಲೆನ್ಸ್ ಕರೀತೀನಿ. ಮಲ್ಕೊಂಡೇ ಹೋಗಬಹುದು, ದಾರೀಲಿ ಎಲ್ಲರೂ ಪಕ್ಕಕ್ಕೆ ಸರೀತಾರೆ."

"ಅತ್ತೇ, ಅವಸರದಲ್ಲಿ ತಗೊಂಡ್ರೆ ಮೋಸ ಹೋಗ್ತೀವಿ."

"ನನ್ನ ವಯಸ್ಸಲ್ಲಿ ನಿಧಾನ ಮಾಡಿದ್ರೆ ನಾನೇ ಹೋಗ್ತೀನಿ ಕಣೇ."

ಯಜಮಾನರು ಇಬ್ಬರ ನಡುವೆ ಕೂತು ಪೇಪರಿನ ಹಿಂದೆ ಮರೆಯಾದರು. ಮೂವತ್ತೈದು ವರ್ಷ ಔಷಧಿ ಅಂಗಡಿ ನಡೆಸಿದ ಶಾಂತ ಜೀವ ಅದು. ಡಾಕ್ಟರು ಗೀಚಿದ್ದನ್ನು ನಂಬಿ ಬದುಕಿದವರಿಗೆ ಜಗತ್ತಿನಲ್ಲಿ ಯಾರನ್ನು ಬೇಕಾದರೂ ನಂಬುವುದು ಅಭ್ಯಾಸವಾಗಿರುತ್ತದೆ. ಹೊಸ ಎಸ್‌ಯುವಿಯ ಬೆಲೆ ಕೇಳಿ ಷೋರೂಮಿನಲ್ಲೇ ನೀರು ಬೇಡಿ ಕುಡಿದು ಬಂದಿದ್ದ ಅವರು, ಐದಾರು ವರ್ಷದ ಹಳೆಯದೊಂದನ್ನು, ಸೀಟು ಎತ್ತರವಾಗಿರುವ, ತೀರಾ ದೊಡ್ಡದೂ ಅಲ್ಲದ ಒಂದನ್ನು ಮೊದಲ ವಾರವೇ ಕೊಂಡು ಮುಗಿಸುತ್ತಿದ್ದರು. ಅವರನ್ನು ಹಾಗೆ ಮಾಡಲು ಬಿಡುವವರು ಯಾರು?

ಮೇಡಂ ಒಂದು ಪ್ರಶ್ನೆಪತ್ರಿಕೆ ತಯಾರಿಸಿದ್ದರು. ಒಟ್ಟು ನೂರು ಅಂಕ, ಪಾಸಾಗಲು ತೊಂಬತ್ತು. 'ಕ' ವಿಭಾಗದಲ್ಲಿ ಎಂಜಿನ್ನು, 'ಖ' ವಿಭಾಗದಲ್ಲಿ ಮೈಕಟ್ಟು. 'ಗ' ವಿಭಾಗ ಅವರಿಗೆ ಅತ್ಯಂತ ಪ್ರಿಯವಾದದ್ದು: ಈ ಪ್ರಾಣಿಯನ್ನು ಸಾಕಲು ವರ್ಷಕ್ಕೆ ಎಷ್ಟು ಬೇಕು, ಟೈರು ಎಷ್ಟು ದಿನಕ್ಕೊಮ್ಮೆ ತಿನ್ನುತ್ತದೆ, ಎಣ್ಣೆ ಎಷ್ಟು ಕುಡಿಯುತ್ತದೆ, ಇನ್ಶೂರೆನ್ಸ್ ಎಷ್ಟು, ಕೆಟ್ಟರೆ ಬಿಡಿಭಾಗ ಮರುದಿನ ಸಿಗುತ್ತದೋ ಮರುಜನ್ಮದಲ್ಲೋ. "ಕೊಳ್ಳೋದು ಒಂದು ದಿನದ ಖರ್ಚು ರೀ, ಸಾಕೋದು ದಿನದಿನದ್ದು," ಎನ್ನುತ್ತಿದ್ದರು. ಮಾತು ಸರಿಯೇ. ಮೇಡಂ ಹೇಳುವ ಮಾತುಗಳಲ್ಲಿ ಇದ್ದ ದೊಡ್ಡ ಕಷ್ಟವೆಂದರೆ ಅವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿದ್ದವು.

ದಾಳಿಯ ಕ್ರಮವೂ ಹಳೆಯದೇ. ಹನ್ನೊಂದು ಗಂಟೆಗೆ ಬರುತ್ತೇವೆಂದು ಹೇಳಿ ಬೆಳಗ್ಗೆ ಏಳಕ್ಕೆ ಹೋಗಿ ನಿಲ್ಲುವುದು. ಮಾರುವವನು ಹಲ್ಲುಜ್ಜುತ್ತ ಬಾಗಿಲು ತೆರೆಯುವಷ್ಟರಲ್ಲಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ಹಾಗೆ ನೋಡುವುದು. ಬೆಚ್ಚಗಿದ್ದರೆ ಫೇಲು: ತಣ್ಣಗಿರುವ ಎಂಜಿನ್ನು ಹೇಗೆ ಕೆಮ್ಮುತ್ತದೆಂದು ಗೊತ್ತಾಗಬಾರದೆಂದು ಮುಂಚೆಯೇ ಓಡಿಸಿಟ್ಟಿದ್ದಾನೆ. ಮೂರನೆಯ ಕಾರು ನಲವತ್ತು ಸಾವಿರ ಕಿಲೋಮೀಟರ್ ಓಡಿದೆಯೆಂದು ಮೀಟರು ಹೇಳುತ್ತಿತ್ತು, ಬ್ರೇಕಿನ ಪೆಡಲಿನ ರಬ್ಬರು ಮಾತ್ರ ಸವೆದು ಬೋಳಾಗಿತ್ತು. "ಚಾಲಕರಿಗೆ ಕಾಲು ಎಷ್ಟಿತ್ತು?" ಎಂದು ಮೇಡಂ ಕೇಳಿದರು. ಆರನೆಯದರಲ್ಲಿ ಮಲ್ಲಿಗೆಯ ಘಮ ಮೂಗಿಗೆ ಬಡಿಯುತ್ತಿತ್ತು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದರೆ ಹಿಂದೆ ಒಣಗಿದ ಕೆಸರು. ಕಾರು ಯಾವುದೋ ಪ್ರವಾಹದಲ್ಲಿ ಮುಳುಗೆದ್ದು ಬಂದಿತ್ತು.

ಇಷ್ಟರವರೆಗೆ ಮೇಡಂ ಅವರನ್ನು ಮೆಚ್ಚಲೇಬೇಕು. ಆದರೆ ಎಂಟನೆಯ ಕಾರನ್ನು ಅವರು ಬಿಟ್ಟದ್ದು ಅದರ ಒಡೆಯ ಕಾಫಿ ಕೊಟ್ಟನೆಂದು. ("ಕಾಫಿ ಯಾಕೆ ಕೊಟ್ಟ? ಕೇಳಿದ್ವಾ?") ಹತ್ತನೆಯದನ್ನು ಬಿಟ್ಟದ್ದು ಅದರ ಒಡೆಯ ಕೊಡಲಿಲ್ಲವೆಂದು.

ಜೊತೆಗೆ ಬರುತ್ತಿದ್ದ ಮೆಕ್ಯಾನಿಕ್ಕಿಗೆ ಒಂದೊಂದು ಕಾರಿಗೂ ಇಷ್ಟು ಅಂತ ಸಂಭಾವನೆ. ಹನ್ನೊಂದು ಕಾರಿನ ಸಂಭಾವನೆಯಲ್ಲಿ ಅವನು ತನ್ನ ಗ್ಯಾರೇಜಿಗೆ ಹೊಸ ಷಟರ್ ಹಾಕಿಸಿಕೊಂಡಿದ್ದ. ಆದರೂ ಮನುಷ್ಯನಿಗೆ ಮನಸ್ಸಾಕ್ಷಿ ಎಂಬುದು ಇರುತ್ತದಲ್ಲ.

"ಮೇಡಂ, ನಾವು ನೋಡ್ತಿರೋದು ಹಳೇ ಗಾಡಿ," ಎಂದ ಒಂದು ದಿನ, ಅವರ ಮನೆಯಂಗಳದಲ್ಲಿ ನಿಂತು. "ಹಳೇದು ಅಂದ್ಮೇಲೆ ಒಂದು ಗೀರು, ಒಂದು ತಗ್ಗು ಇರತ್ತೆ. ನಿಮ್ಮ ಗಾಡೀದೇ ನೋಡಿ, ಹಿಂದಿನ ಎಡಗಡೆ ಲೈಟು ಒಡೆದು ಕೆಂಪು ಟೇಪು ಸುತ್ತಿದೆ."

"ಅದು ಚೆಂಡು ಬಿದ್ದು ಒಡೆದದ್ದು," ಎಂದರು ಮೇಡಂ.

"ಯಾವ ಚೆಂಡು?" ಎಂದರು ಒಳಗಿನಿಂದ ಅತ್ತೆ. "ನಮ್ಮ ಬೀದೀಲಿ ನಲವತ್ತರ ಕೆಳಗಿನವರು ಯಾರೂ ಇಲ್ಲ."

ಓದುಗರಿಂದ ಮುಚ್ಚಿಡುವುದೇನು? ಚೆಂಡು ಬಿದ್ದಿರಲಿಲ್ಲ. ಕಳೆದ ವರ್ಷ ಕಣ್ಣಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೇಡಂ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿತ್ತು. 'ಟಪ್' ಎಂದು ಸದ್ದಾಯಿತು, ಮುಂದೆ ಬಂದು ಮನೆಗೆ ಹೋದರು. ಕಂಬವೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ, ಏಕೆಂದರೆ ತಿರುಗಿ ನೋಡಿರಲಿಲ್ಲ. ನೆಲಮಾಳಿಗೆ ಎಂದಮೇಲೆ ಕಂಬ ಇದ್ದೇ ಇರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಚೆಂಡು ಏಕೆ ಬೇಕಾಯಿತೆಂದರೆ, ರಿವರ್ಸ್ ತೆಗೆಯುವಾಗ ಕತ್ತು ತಿರುಗಿಸಬೇಕೆಂದು ಯಜಮಾನರು ಅದಕ್ಕೂ ಮೊದಲೇ ಎರಡು ಸಲ ಹೇಳಿದ್ದರು. ಅವರಿಗೆ ಮೂರನೆಯ ಅವಕಾಶ ಕೊಡಬಾರದಾಗಿತ್ತು.

ಹನ್ನೆರಡನೆಯ ಕಾರು ಒಬ್ಬ ಹಲ್ಲಿನ ಡಾಕ್ಟರದು. ಆ ಬೆಳಗ್ಗೆ ಅತ್ತೆಯೂ ಹೊರಟು ನಿಂತರು. "ನೀನು ಬೇಡ ಅನ್ನೋ ಮುಂಚೆ ನಾನೊಂದ್ಸಲ ಕೂತು ನೋಡ್ತೀನಿ," ಎಂದರು. ಪುಟ್ಟ ಕಾರಿನೊಳಗೆ ಅವರನ್ನು ತುರುಕಿ, ಡಾಕ್ಟರ ಮನೆಯ ಕಾಂಪೌಂಡಿನ ಹೊರಗೆ ನಿಲ್ಲಿಸಿ, ಎಳೆದು ನೂಕಿ ಇಳಿಸುವ ಹೊತ್ತಿಗೆ ಏಳೂಕಾಲು. ಮೆಕ್ಯಾನಿಕ್ಕು ಬಂದು ಕಾಯುತ್ತಿದ್ದ. ಎದೆಮಟ್ಟದ ಕಾಂಪೌಂಡ್ ಗೋಡೆಯ ಒಳಗೆ ಗಾಢ ನೀಲಿಯ ಎಸ್‌ಯುವಿ ನಿಂತಿತ್ತು. ಡಾಕ್ಟರು ಆಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು.

"ಹನ್ನೊಂದಕ್ಕೆ ಅಂದಿದ್ದೆವಲ್ಲ?" ಎಂದರು ಮೇಡಂ, ಕಣ್ಣು ಕಿರಿದು ಮಾಡಿ.

"ಹಾಗೆ ಹೇಳಿದವರು ಬೆಳಗ್ಗೆಯೇ ಬರ್ತಾರೆ. ನಮ್ಮ ರೋಗಿಗಳೂ ಹಾಗೇ," ಎಂದರು ಡಾಕ್ಟರು. "ಬಾನೆಟ್ಟು ಮುಟ್ಟಿ ನೋಡಿ. ತಣ್ಣಗಿದೆ."

ಮೇಡಂ ಮುಟ್ಟಿದರು. ತಣ್ಣಗಿತ್ತು. ಇದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಆಮೇಲೆ ನಡೆದದ್ದು ಅವರ ಸೇವಾವಧಿಯಲ್ಲೇ ಕಂಡಿರದ ಸಂಗತಿ. ಪ್ರಶ್ನೆ ಕೇಳುವ ಮೊದಲೇ ಅಭ್ಯರ್ಥಿ ಉತ್ತರ ಹೇಳತೊಡಗಿದ. ಡಾಕ್ಟರು ಫೈಲು ಬಿಚ್ಚಿ ತಾರೀಖಿನ ಪ್ರಕಾರ ಒಂದೊಂದೇ ಬಿಲ್ಲು ತೋರಿಸುತ್ತ ಹೋದರು. "ಕ್ಲಚ್ಚು ಇನ್ನೊಂದು ವರ್ಷ ಬಂದರೆ ಹೆಚ್ಚು, ಆಮೇಲೆ ಬದಲಾಯಿಸ್ಬೇಕು, ಖರ್ಚು ಜಾಸ್ತೀನೇ. ಹಿಂದಿನ ಎರಡು ಟೈರು ಹಳೇದು. ಏಸಿ ಹಾಕಿದ ತಕ್ಷಣ ಒಂದು ಸಲ ನರಳತ್ತೆ, ಆಮೇಲೆ ಸುಮ್ಮನಾಗತ್ತೆ. ಕಡೇ ಸಾಲಿನ ಸೀಟಿದೆಯಲ್ಲ, ಅದು ಮಕ್ಕಳಿಗೆ. ಇಲ್ಲಾ, ನಮಗೆ ಅಷ್ಟಾಗಿ ಆಗದವರಿಗೆ."

"ರೀ," ಮೇಡಂ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಇವರು ಏನೋ ಮುಚ್ಚಿಡ್ತಿದ್ದಾರೆ."

"ಎಲ್ಲಾ ಹೇಳ್ತಾನೇ ಇದಾರಲ್ಲೇ!"

"ಅದಕ್ಕೇ! ಇಷ್ಟು ಹೇಳೋರು ಅದಕ್ಕಿಂತ ದೊಡ್ಡದೊಂದನ್ನ ಇಟ್ಕೊಂಡಿರ್ತಾರೆ. ತಾನಾಗೇ ಎದ್ದುನಿಂತು ಜೇಬು ತೋರಿಸೋ ಹುಡುಗನ ಚೀಟಿ ಯಾವಾಗಲೂ ಸಾಕ್ಸಲ್ಲಿರತ್ತೆ."

ಅಷ್ಟರಲ್ಲಿ ಅತ್ತೆ ಎಸ್‌ಯುವಿಯ ಮುಂದಿನ ಬಾಗಿಲು ತೆರೆದಿದ್ದರು. ಸೀಟು ಸರಿಯಾಗಿ ಸೊಂಟದ ಮಟ್ಟಕ್ಕಿತ್ತು. ಯಾರೂ ಎಳೆಯಲಿಲ್ಲ, ಯಾರೂ ನೂಕಲಿಲ್ಲ. ಹಿಡಿಕೆ ಹಿಡಿದು, ಪಕ್ಕಕ್ಕೆ ತಿರುಗಿ, ತಮ್ಮಷ್ಟಕ್ಕೆ ತಾವೇ ಕೂತರು. ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಕಿಟಕಿ ಇಳಿಸಿ ಹೇಳಿದರು:

"ನಾನು ಇನ್ನು ಇಳಿಯಲ್ಲ."

"ಅತ್ತೇ, ಇನ್ನೂ 'ಖ' ವಿಭಾಗ ಆಗಿಲ್ಲ."

"ನಿನ್ನ ಕಖಗ ನೀನು ಮುಗಿಸ್ಕೋ. ಭಾನುವಾರ ತಂಗಿ ಮನೆಗೆ ಹೊರಡೋ ತನಕ ನಾನು ಇಲ್ಲೇ ಇರ್ತೀನಿ. ಡಾಕ್ಟ್ರೇ, ಊಟದ ವ್ಯವಸ್ಥೆ ಇದೆಯಾ?"

"ಮೆತ್ತಗಿನದು ಇದೆ ಅಮ್ಮಾ," ಎಂದರು ಡಾಕ್ಟರು.

ಮೆಕ್ಯಾನಿಕ್ಕು ಕಾರಿನ ಕೆಳಗೆ ತೆವಳಿ, ಮೇಲೆದ್ದು, ಓಡಿಸಿ ಬಂದು (ಅತ್ತೆ ಒಳಗೇ ಇದ್ದರು, ಒಂದು ಸುತ್ತು ಸುಖವಾಗಿ ಹೋಗಿಬಂದರು) ಕೈ ಒರೆಸಿಕೊಂಡ. "ಮೇಡಂ, ಚಿನ್ನದಂಥ ಗಾಡಿ. ಡಾಕ್ಟ್ರು ಹೇಳಿದ್ದು ಬಿಟ್ಟರೆ ಬೇರೇನಿಲ್ಲ. ಬಿಡಬೇಡಿ."

ಮೇಡಂ ಕೈಚೀಲದಿಂದ ಕೊನೆಯ ಅಸ್ತ್ರ ತೆಗೆದರು. ಅದು ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ, ಬಾತುಕೋಳಿಯ ಆಕಾರದ ಆಯಸ್ಕಾಂತ. ಕಬ್ಬಿಣದ ತಗಡಿಗೆ ಅದು ಕಚ್ಚಿಕೊಳ್ಳುತ್ತದೆ. ಗುದ್ದಿಸಿಕೊಂಡು ಪುಟ್ಟಿ ಮೆತ್ತಿ ಬಣ್ಣ ಹೊಡೆದ ಜಾಗದಲ್ಲಿ ಕಚ್ಚುವುದಿಲ್ಲ. ಬಾತುಕೋಳಿ ಬಾನೆಟ್ಟಿನ ಮೇಲೆ ನಡೆಯಿತು, ಬಲಬದಿಯ ಬಾಗಿಲುಗಳ ಮೇಲೆ ನಡೆಯಿತು, ಹಿಂದಿನಿಂದ ಸುತ್ತಿ ಎಡಬದಿಗೆ ಬಂತು. ಎಡಗಡೆಯ ಹಿಂಬಾಗಿಲಿನ ನಡುಮಧ್ಯದಲ್ಲಿ ಕಾಲು ಜಾರಿ ಕೆಳಗೆ ಬಿತ್ತು.

ಮೇಡಂ ಎತ್ತಿ ಮತ್ತೆ ಇಟ್ಟರು. ಮತ್ತೆ ಬಿತ್ತು.

ಮೂವತ್ತಮೂರು ವರ್ಷದ ಸೇವೆಯಲ್ಲಿ ಇಂಥ ಗಳಿಗೆಗಳು ಬಹಳ ಇರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿ ನಿಂತರು. "ಡಾಕ್ಟ್ರೇ, ಇದೇನು?"

"ಓ, ಅದಾ? ಅದಕ್ಕೇ ಬರ್ತಿದ್ದೆ. ಫೈಲಿನ ಕಡೇ ಹಾಳೆ," ಎಂದರು ಡಾಕ್ಟರು. "ನಾನು ತಾರೀಖಿನ ಪ್ರಕಾರ ಹೇಳೋನು."

"ಬಾಯಲ್ಲಿ ಬೇಡ. ಬರೆದುಕೊಡಿ."

ಇದು ದಳದ ನಿಯಮ. ಸಿಕ್ಕಿಬಿದ್ದವರು ಅಲ್ಲೇ ಕೂತು ತಮ್ಮ ಕೈಯಾರೆ ಹೇಳಿಕೆ ಬರೆದು ಸಹಿ ಹಾಕಬೇಕು. 'ಗೊತ್ತಾಗದೆ' ಎಂಬ ಪದ ಮಾತ್ರ ಬಳಸುವಂತಿಲ್ಲ. ಬಳಸಿದರೆ ಮೇಡಂ ಕಾಗದ ವಾಪಸು ಕೊಡುತ್ತಿದ್ದರು: "ಚೀಟಿ ತಾನಾಗೇ ನಡ್ಕೊಂಡು ಬಂದು ಸಾಕ್ಸಲ್ಲಿ ಕೂತ್ಕೊಂತಾ?"

ಡಾಕ್ಟರು ಮೆಟ್ಟಿಲ ಮೇಲೆ ಕೂತು, ಬೇಸರವಿಲ್ಲದೆ ಬರೆದರು. ಬರೆಯುತ್ತಲೇ ಹೇಳಿದರು: "ಹೋದ ವರ್ಷ. ಗಾಡಿ ನಿಲ್ಲಿಸಿ ಮೇಲೆ ಹೋಗಿದ್ದೆ. ಬಂದು ನೋಡಿದ್ರೆ ಬಾಗಿಲು ಒಳಗೆ ಹೋಗಿದೆ. ಯಾರೋ ರಿವರ್ಸ್ ತೆಗೆಯೋವಾಗ ಗುದ್ದಿ ಹೊರಟುಹೋಗಿದಾರೆ. ಒಂದು ಚೀಟಿ ಇಲ್ಲ, ಫೋನ್ ನಂಬರ್ ಇಲ್ಲ."

ಮೇಡಂ ಅವರ ನ್ಯಾಯಪ್ರಜ್ಞೆ ಕೆರಳಿತು. ಕಾರಿನ ಮೇಲಿನ ಸಂಶಯ ಒಂದು ಕ್ಷಣ ಪಕ್ಕಕ್ಕೆ ಸರಿಯಿತು. "ಇಂಥವರನ್ನ ಸುಮ್ನೆ ಬಿಡಬಾರದು ಡಾಕ್ಟ್ರೇ! ಗುದ್ದೋದು ತಪ್ಪಲ್ಲ, ಯಾರಿಗಾದ್ರೂ ಆಗತ್ತೆ. ತಿರುಗಿ ನೋಡದೆ ಹೋಗ್ತಾರಲ್ಲ, ಅದು ಪಕ್ಕಾ ಅಪರಾಧಿಗಳ ಲಕ್ಷಣ. ನನ್ನ ಕೈಗೆ ಸಿಕ್ಕಿದ್ರೆ ಮೂರು ವರ್ಷ ಡಿಬಾರ್ ಮಾಡ್ತಿದ್ದೆ!"

"ಸರಿಯಾಗಿ ಹೇಳಿದ್ರಿ," ಎಂದು ಡಾಕ್ಟರು ಹೇಳಿಕೆಯನ್ನು ಅವರ ಕೈಗಿತ್ತರು.

ಮೇಡಂ ಓದಿದರು. ತಾರೀಖು ಓದಿದರು. ಸ್ಥಳ ಓದಿದರು: 'ಕಣ್ಣಿನ ಆಸ್ಪತ್ರೆ, ನೆಲಮಾಳಿಗೆ.' ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಸ್ಥಳ ಬದಲಾಗಲಿಲ್ಲ.

"ಗುರುತು ಒಂದೇ ಸಿಕ್ಕಿದ್ದು," ಎನ್ನುತ್ತ ಡಾಕ್ಟರು ಕಾರಿನ ಡ್ಯಾಷ್‌ಬೋರ್ಡಿನ ಖಾನೆಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ಲಕೋಟೆ ತೆಗೆದರು. ಕಿತ್ತ ಹಲ್ಲನ್ನು ರೋಗಿಗೆ ಕೊಟ್ಟು ಕಳಿಸುವಂಥ ಲಕೋಟೆ. ಮೇಲೆ ತಾರೀಖು ಬರೆದಿತ್ತು. ಒಳಗೆ ಹೆಬ್ಬೆರಳಿನಷ್ಟು ಕೆಂಪು ಪ್ಲಾಸ್ಟಿಕ್ಕಿನ ಚೂರು. "ನಾನು ಏನನ್ನೂ ಎಸೆಯೋನಲ್ಲ. ಬಾಗಿಲ ಮೇಲೆ ಬೂದು ಬಣ್ಣ ಕೂಡ ಅಂಟಿತ್ತು."

ಗೋಡೆಯಾಚೆ ನಿಂತಿದ್ದ ಪುಟ್ಟ ಕಾರಿನ ಬಣ್ಣ ಯಾವುದೆಂದು ಹೇಳಬೇಕಾಗಿಲ್ಲ.

"ತಗೋತೀವಿ," ಎಂದರು ಮೇಡಂ.

ಯಜಮಾನರಿಗೆ ಕೆಮ್ಮು ಬಂತು. "ಏನಂದೆ?"

"ಕಾರು ತಗೋತೀವಿ. ಹೇಳಿದ ಬೆಲೆಗೇ. ಚೌಕಾಸಿ ಯಾಕೆ, ಒಳ್ಳೇ ಮನುಷ್ಯರು."

ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಯಜಮಾನರು ಹೆಂಡತಿಯನ್ನು ಮೊಟ್ಟಮೊದಲ ಬಾರಿಗೆ ಸಂಶಯದಿಂದ ನೋಡಿದರು. ಆಕೆ ಟೊಮೇಟೊ ಕೊಳ್ಳುವಾಗಲೂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುವವಳು. "ಹುಷಾರಾಗಿದೀಯಾ? ಬಾತುಕೋಳಿ ಎರಡು ಸಲ ಬಿತ್ತಲ್ಲೇ."

"ಒಂದು ಬಾತುಕೋಳಿ ಮಾತು ಕಟ್ಕೊಂಡು ಹಿರಿಯರನ್ನ ಕಾಯಿಸ್ತೀರಾ? ಮಾತು ಮುಗಿಸಿ. ನಾನು... ಕಾರಲ್ಲಿ ಚೀಲ ಮರೆತೆ." ಚೀಲ ಅವರ ಹೆಗಲ ಮೇಲೇ ಇತ್ತು.

ಮೇಡಂ ಗೇಟು ದಾಟಿ ಗೋಡೆಯಾಚೆ ಮಾಯವಾದರು. ಮೂವರು ಗಂಡಸರು ಮೆಟ್ಟಿಲ ಮೇಲೆ ಕೂತು ಕಾಗದಪತ್ರದ ಮಾತಿಗೆ ತೊಡಗಿದರು. ಅವರು ಕೂತಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ, ಪುಟ್ಟ ಕಾರಿನ ನೆತ್ತಿಯಷ್ಟೇ ಕಾಣುತ್ತಿತ್ತು.

ಆದರೆ ಎಸ್‌ಯುವಿ ಎತ್ತರದ ಗಾಡಿ. ಅದಕ್ಕೆಂದೇ ಅಲ್ಲವೇ ಎರಡು ತಿಂಗಳು ಹುಡುಕಿದ್ದು.

"ಇಲ್ಲಿಂದ ಎಲ್ಲಾ ಎಷ್ಟು ಚೆನ್ನಾಗಿ ಕಾಣತ್ತೋ!" ಎಂದು ಅತ್ತೆಯ ದನಿ ಕೇಳಿಸಿತು. "ರಸ್ತೆ, ಎದುರುಮನೆ, ಎಲ್ಲಾ. ಅಲ್ಲಾ ಕಣೋ, ನಿನ್ನ ಹೆಂಡತಿ ಯಾಕೆ ಕಾರಿಗೆ ತನ್ನ ಶಾಲು ಹೊದಿಸ್ತಿದ್ದಾಳೆ? ಅದಕ್ಕೆ ಚಳೀನಾ?"

ಗಂಡಸರು ತಿರುಗಿದರು.

"ಹಿಂದುಗಡೆಗೆ ಹೊದಿಸ್ತಿದ್ದಾಳೆ. ಎಡಗಡೆ. ಆ ಟೇಪು ಸುತ್ತಿದೆಯಲ್ಲ, ಅಲ್ಲಿಗೇ. ಗಾಳಿಗೆ ಜಾರ್ತಾ ಇದೆ, ಪಾಪ, ಎರಡು ಕೈಯಲ್ಲೂ ಹಿಡ್ಕೊಂಡಿದಾಳೆ." ಅತ್ತೆ ಕಿಟಕಿಯಿಂದ ಕತ್ತು ಹೊರಚಾಚಿದರು. ಸವೆದಿದ್ದದ್ದು ಮಂಡಿ ಮಾತ್ರ ಎಂದು ಮೊದಲೇ ಹೇಳಿದೆ. "ಡಾಕ್ಟ್ರೇ, ಆ ಕೆಂಪು ಚೂರು ಸ್ವಲ್ಪ ತಗೊಂಡು ಹೋಗಿ ನೋಡಿ."

ಡಾಕ್ಟರು ಹೋದರು. ಹಿಂದೆ ಯಜಮಾನರು, ಅವರ ಹಿಂದೆ ಮೆಕ್ಯಾನಿಕ್ಕು. ಶಾಲು ಹಿಡಿದು ನಿಂತಿದ್ದ ಮೇಡಂ ಅವರನ್ನು ಡಾಕ್ಟರು ಬಹಳ ಮರ್ಯಾದೆಯಿಂದ "ಸ್ವಲ್ಪ ಸರೀತೀರಾ" ಎಂದು ಕೇಳಿದರು. ಟೇಪನ್ನು ಎರಡು ಬೆರಳಲ್ಲಿ ಹಗುರಾಗಿ ಬಿಡಿಸಿದರು. ಲಕೋಟೆಯಿಂದ ಚೂರು ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ, ಸಂದಿಯಲ್ಲಿ ಒತ್ತಿದರು. 'ಕ್ಲಿಕ್' ಎಂದು ಕೂತಿತು. ಕೂದಲೆಳೆಯಷ್ಟೂ ಅಂತರ ಉಳಿಯಲಿಲ್ಲ.

"ಆಹಾ!" ಎಂದರು ಡಾಕ್ಟರು, ಕಸುಬಿನ ಆನಂದದಲ್ಲಿ. "ಎಲ್ಲಿ, ಒಂದ್ಸಲ ಕಚ್ಚಿ ನೋಡಿ."

ಯಾರೂ ನಗಲಿಲ್ಲ. ಮೆಕ್ಯಾನಿಕ್ಕು ಟೈರಿನ ಗಾಳಿ ನೋಡುವ ನೆಪದಲ್ಲಿ ಕೂತು ಭುಜ ಕುಲುಕಿಸುತ್ತಿದ್ದ, ಅಷ್ಟೇ. ಯಜಮಾನರು ಹೆಂಡತಿಯ ಮುಖ ನೋಡಿ ಮೆಲ್ಲಗೆ ಕೇಳಿದರು: "ಚೆಂಡು ಎಲ್ಲಿ ಹೋಯ್ತೇ?"

"ನಾನು ಕಂಬ ಅಂದ್ಕೊಂಡಿದ್ದೆ," ಎಂದರು ಮೇಡಂ.

ಗೋಡೆಯ ಮೇಲಿನಿಂದ ಅತ್ತೆಯ ದನಿ ಬಂತು. "ಬಾಯಲ್ಲಿ ಬೇಡ ಕಣಮ್ಮ. ಬರೆದುಕೊಡು."

ಮೇಡಂ ಮೆಟ್ಟಿಲ ಮೇಲೆ ಕೂತರು. ಡಾಕ್ಟರು ತಮ್ಮದೇ ಪೆನ್ನು ಕೊಟ್ಟರು. 'ಕೆಳಗೆ ಸಹಿ ಮಾಡಿರುವ ನಾನು, ಯಾರ ಒತ್ತಡವೂ ಇಲ್ಲದೆ' ಎಂಬುದನ್ನು ಬರೆಯಲು ಯೋಚಿಸಬೇಕಾಗಲಿಲ್ಲ. ಸಾವಿರಾರು ಮಕ್ಕಳಿಗೆ ಹೇಳಿ ಬರೆಸಿದ ವಾಕ್ಯ ಅದು. ಮುಂದಿನದಕ್ಕೆ ಹೊತ್ತು ಹಿಡಿಯಿತು. ಬರೆದು ಮುಗಿಸಿ ಕೊಟ್ಟದ್ದನ್ನು ಅತ್ತೆ ಕಿಟಕಿಯಲ್ಲಿ ಕೈಚಾಚಿ ತೆಗೆದುಕೊಂಡು ಓದಿದರು. ವಾಪಸು ಕೊಟ್ಟರು.

"ಎರಡನೇ ಸಾಲಲ್ಲಿ 'ಗೊತ್ತಾಗದೆ' ಅಂತಿದೆ. ಹೊಡೆದುಹಾಕು."

ಮೇಡಂ ಹೊಡೆದುಹಾಕಿದರು.

ಡಾಕ್ಟರು ಸಭ್ಯರು, ಪೋಲೀಸು ಗೀಲೀಸು ಎನ್ನಲಿಲ್ಲ. ಫೈಲಿನ ಕಡೆಯ ಹಾಳೆಯನ್ನು, ಅಂದರೆ ಬಾಗಿಲಿನ ತಗ್ಗು ತೆಗೆಸಿ ಬಣ್ಣ ಹೊಡೆಸಿದ ಬಿಲ್ಲನ್ನು, ಹೊರತೆಗೆದು ಕಾರಿನ ಬೆಲೆಗೆ ಕೂಡಿಸಿದರು, ಅಷ್ಟೇ. ಹೀಗೆ ಹನ್ನೊಂದು ಕಾರನ್ನು ಫೇಲು ಮಾಡಿದ ಮೇಡಂ ಹನ್ನೆರಡನೆಯದನ್ನು ಕೇಳಿದ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡರು. 'ಗ' ವಿಭಾಗದಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಭಾನುವಾರ ಬೆಳಗ್ಗೆ ಕಾರು ಹೊರಟಿತು. ಮುಂದಿನ ಸೀಟಿನಲ್ಲಿ ಅತ್ತೆ, ತಂಗಿಗೆ ಹೇಳಬೇಕಾದ ಎರಡು ವರ್ಷದ ಮಾತನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ನಡುವಿನ ಸಾಲಿನಲ್ಲಿ ಉಡುಗೊರೆಯ ಡಬ್ಬಗಳು, ಗುದ್ದಿದರೆ ಕೆಡುವ ದೊಡ್ಡ ಕೇಕು. ಅವುಗಳನ್ನು ಅಲ್ಲಾಡಿಸಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಮೇಡಂ ಅವರಿಗೆ ಉಳಿದದ್ದು ಕಡೆಯ ಸಾಲು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಆ ಸೀಟಿನ ಬಗ್ಗೆ ಡಾಕ್ಟರು ಹೇಳಿದ ಮಾತು ಎಲ್ಲರಿಗೂ ನೆನಪಿತ್ತು.

ಯಜಮಾನರು ಗೇಟಿನಿಂದ ಹೊರಕ್ಕೆ ತೆಗೆಯಲು ರಿವರ್ಸ್ ಗೇರು ಹಾಕಿದರು. ಏಸಿ ಒಂದು ಸಲ ನರಳಿ ಸುಮ್ಮನಾಯಿತು.

"ಒಂದ್ನಿಮಿಷ ಇರೋ," ಎಂದರು ಅತ್ತೆ. "ಹಿಂದುಗಡೆ ಕೂತವರು ತಿರುಗಿ ನೋಡಿ ಹೇಳ್ಲಿ."

ಸ್ಕ್ವಾಡ್ ಮೇಡಂ ಕತ್ತು ತಿರುಗಿಸಿದರು. ಬಹಳ ವರ್ಷದಿಂದ ಬಳಸದ ಕತ್ತು, ಲಟಕ್ ಎಂದಿತು.

"ಬನ್ನಿ," ಎಂದರು. "ಬನ್ನಿ... ಬನ್ನಿ... ನಿಲ್ಸಿ. ಕಂಬ ಇದೆ."